ಗಾದೆ ಎಲ್ಲಿಟ್ಟಿದ್ದೀ ಮಾರಾಯ?

ಕಾವೂರಿನಲ್ಲಿ ಯಾರಾದರೂ ದಾರಿ ಕೇಳಿದರೆ ನಾವು ಉತ್ತರ ಕೊಡುವ ಮೊದಲು ಒಂದು ಪ್ರಶ್ನೆ ಹಾಕುತ್ತೇವೆ: "ನೀವು ಯಾವ ಕಡೆಯಿಂದ ಬರ್ತಾ ಇದ್ದೀರಿ?" ಬೊಂದೇಲ್ ಕಡೆಯಿಂದಾದರೆ ಜಂಕ್ಷನ್ನಿನಲ್ಲಿ ಎಡಕ್ಕೆ. ಕೂಳೂರು ಕಡೆಯಿಂದಾದರೆ ಬಲಕ್ಕೆ. ಮರವೂರು ಸಂಕ ದಾಟಿ ಬಂದವರಾದರೆ ಸೀದಾ. ಮನೆ ಇದ್ದಲ್ಲೇ ಇರುತ್ತದೆ, ದಾರಿ ಮಾತ್ರ ಕೇಳಿದವನ ಕಾಲಬುಡದಿಂದ ಹೊರಡುತ್ತದೆ. ಬೊಂದೇಲಿನವನಿಗೆ ಹೇಳಿದ್ದನ್ನು ಕೂಳೂರಿನವನು ಕದ್ದು ಕೇಳಿ ಎಡಕ್ಕೆ ತಿರುಗಿದನೋ, ಸಂಕ ದಾಟಿ ವಿಮಾನ ನಿಲ್ದಾಣ ಮುಟ್ಟುತ್ತಾನೆ. ಕಿಸೆಯಲ್ಲಿ ಟಿಕೆಟ್ ಇದ್ದರೆ ದುಬೈ.

ಇಷ್ಟು ಗೊತ್ತಿದ್ದವರಿಗೆ ಸಿ ಭಾಷೆಯ ಒಂದು ಹಳೆಯ ತಲೆನೋವು ಅರ್ಧ ಗೊತ್ತಾದ ಹಾಗೆಯೇ.

ನಮ್ಮ ಮೇಲಿನ ಮಹಡಿಯ ಮಾಣಿಯೊಬ್ಬ ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದಿದ್ದಾನೆ. ಹೆಸರು 'ಗಾದೆ'. ಕಪ್ಪು ಪರದೆಯಲ್ಲಿ ಗಾದೆ ಎಂದು ಟೈಪಿಸಿ ಎಂಟರ್ ಕುಟ್ಟಿದರೆ ಒಂದು ಗಾದೆ ಮಾತು ಉದುರಬೇಕು. ಯೋಚನೆ ಹೊಸತೇನಲ್ಲ. ಯುನಿಕ್ಸ್ ಲೋಕದಲ್ಲಿ ಫಾರ್ಚೂನ್ ಎಂಬ ಮುದುಕ ಪ್ರೋಗ್ರಾಂ ದಶಕಗಳಿಂದ ಇದೇ ಕೆಲಸವನ್ನು ಇಂಗ್ಲಿಷಿನಲ್ಲಿ ಮಾಡುತ್ತಾ ಬಂದಿದೆ. ಮಾಣಿ ಅದನ್ನು ಕನ್ನಡಕ್ಕೆ ತಂದ, ಒಳ್ಳೆಯದೇ. ಗಾದೆಗಳೆಲ್ಲ ಗಾದೆ.ಟೆಕ್ಸ್ಟ್ ಎಂಬ ಫೈಲಿನಲ್ಲಿ. ಪ್ರೋಗ್ರಾಂ ಎಫ್‌ಓಪನ್ ಎಂಬ ಫಂಕ್ಷನ್ನಿಗೆ ಆ ಹೆಸರು ಕೊಟ್ಟು, ಫೈಲು ತೆರೆದು, ಒಂದು ಸಾಲು ಹೆಕ್ಕಿ ತೋರಿಸುತ್ತದೆ. ಅವನು ಬರೆಯುತ್ತಾ ಕೂತ ಫೋಲ್ಡರಿನಲ್ಲಿ ಎಲ್ಲ ಸರಿಯೇ ಇತ್ತು. ಪ್ರೋಗ್ರಾಮನ್ನು /ಯುಎಸ್‌ಆರ್/ಲೋಕಲ್/ಬಿನ್ ಒಳಗೆ ಹಾಕಿ, ಬೇರೆ ಫೋಲ್ಡರಿನಲ್ಲಿ ನಿಂತು ಓಡಿಸಿದ್ದೇ ತಡ, "ನೋ ಸಚ್ ಫೈಲ್ ಆರ್ ಡೈರೆಕ್ಟರಿ." ಗಾದೆ ಕೇಳಿದರೆ ಬೈಗುಳ.

"ಫೈಲು ಅಲ್ಲೇ ಉಂಟಲ್ಲ ಅಂಕಲ್, ಪ್ರೋಗ್ರಾಮಿನ ಪಕ್ಕದಲ್ಲೇ ಇಟ್ಟಿದ್ದೇನೆ!" ಎಂದು ಅವನ ವಾದ.

ಪ್ರೋಗ್ರಾಮಿನ ಪಕ್ಕದಲ್ಲಿದ್ದರೆ ಎಂತಾಯಿತು ಮಾರಾಯ? ಎಫ್‌ಓಪನ್‌ಗೆ ಬರೀ ಹೆಸರು ಕೊಟ್ಟರೆ ಅದು ಪ್ರೋಗ್ರಾಂ ಮಲಗಿದ ಜಾಗದಲ್ಲಿ ಹುಡುಕುವುದಿಲ್ಲ. ಪ್ರೋಗ್ರಾಮನ್ನು ಕರೆದವನು ಯಾವ ಫೋಲ್ಡರಿನಲ್ಲಿ ನಿಂತಿದ್ದಾನೋ ಅಲ್ಲಿ ಹುಡುಕುತ್ತದೆ. ನೀನು ಕೂಳೂರಿನಲ್ಲಿ ನಿಂತು ಕರೆದರೆ ಕೂಳೂರು, ಬೊಂದೇಲಿನಲ್ಲಿ ನಿಂತು ಕರೆದರೆ ಬೊಂದೇಲ್. ಮೆನುವಿನ ಚಿತ್ರ ಒತ್ತಿ ತೆರೆದರೆ ಸಾಮಾನ್ಯವಾಗಿ ನಿನ್ನ ಹೋಮ್ ಫೋಲ್ಡರ್. ಪ್ರೋಗ್ರಾಂ ಇದ್ದಲ್ಲೇ ಹುಡುಕುತ್ತದೆ ಎಂದು ನಂಬಿದವರು ಲೋಕದಲ್ಲಿ ಎಷ್ಟು ಮಂದಿ ಇದ್ದಾರೆಂದರೆ, ಅವರ ಸಮ್ಮೇಳನ ಕರೆದರೆ ನೆಹರೂ ಮೈದಾನ ಸಾಕಾಗಲಿಕ್ಕಿಲ್ಲ.

ಸರಿ, ಹಾಗಾದರೆ "ನಾನು ಎಲ್ಲಿದ್ದೇನೆ" ಎಂದು ಪ್ರೋಗ್ರಾಮೇ ಕೇಳಿಕೊಳ್ಳಬಹುದಲ್ಲ? ಇಲ್ಲೇ ಇರುವುದು ತಮಾಷೆ. ಡೆನಿಸ್ ರಿಚಿ 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದ ಈ ಭಾಷೆಗೆ 1989ರಲ್ಲಿ ಮೊದಲ ಅಧಿಕೃತ ಪ್ರಮಾಣಗ್ರಂಥ ಬಂತು. ಆಮೇಲೆ ಸಿ99, ಸಿ11, ಸಿ17, ಈಗ ಸಿ23 ಎಂದು ಆವೃತ್ತಿಯ ಮೇಲೆ ಆವೃತ್ತಿ. ಸೈನು, ಕೊಸೈನು, ವರ್ಗಮೂಲ, ವೇಳೆ, ತಾರೀಕು ಎಲ್ಲದಕ್ಕೂ ಫಂಕ್ಷನ್ ಉಂಟು. ನಾನು ಎಲ್ಲಿದ್ದೇನೆ ಎಂದು ಕೇಳಲಿಕ್ಕೆ ಇಲ್ಲ. ಉಪಗ್ರಹ ಹಾರಿಸುವ ಭಾಷೆಗೆ ತನ್ನ ಮನೆ ನಂಬ್ರ ಗೊತ್ತಿಲ್ಲ.

ಮಾಣಿ ಸೋಲುವವನಲ್ಲ. "ಆರ್ಗ್‌ವಿ ಸೊನ್ನೆ ಉಂಟಲ್ಲ!" ಎಂದ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಸಿ ಪ್ರೋಗ್ರಾಂ ಶುರುವಾಗುವಾಗ ಅದರ ಕೈಗೆ ಒಂದು ಪಟ್ಟಿ ಸಿಗುತ್ತದೆ, ಆರ್ಗ್‌ವಿ ಎಂದು. ಅದರ ಸೊನ್ನೆಯ ಜಾಗದಲ್ಲಿ ಪ್ರೋಗ್ರಾಮಿನ ಹೆಸರು ಇರುತ್ತದೆ. ಹೆಸರು, ವಿಳಾಸ ಅಲ್ಲ. ಪೂರ್ತಿ ಪಾತ್ ಕೊಟ್ಟು ಓಡಿಸಿದರೆ ಪಾತ್ ಬರುತ್ತದೆ. ಬರೀ ಗಾದೆ ಎಂದು ಟೈಪಿಸಿದರೆ ಬರೀ ಗಾದೆ ಎಂದೇ ಬರುತ್ತದೆ. ಆಮೇಲೆ ಪ್ರೋಗ್ರಾಮುಗಳನ್ನು ಹುಡುಕುವ ಜಾಗಗಳ ಪಟ್ಟಿ, ಅಂದರೆ ಪಾತ್ ಪಟ್ಟಿ ಉಂಟಲ್ಲ, ಅದರ ಒಂದೊಂದು ಫೋಲ್ಡರಿಗೂ ಹೋಗಿ "ನಾನು ಇಲ್ಲಿದ್ದೇನಾ?" ಎಂದು ಬಾಗಿಲು ತಟ್ಟಬೇಕು. ಅಷ್ಟು ಮಾಡಿದರೂ ಭರವಸೆ ಇಲ್ಲ. ಕರೆದವನು ಆ ಜಾಗದಲ್ಲಿ ಏನು ಬೇಕಾದರೂ ಬರೆದು ಕೊಡಬಹುದು. ಲಾಗಿನ್ ಶೆಲ್ಲಿಗೆ ಹೆಸರಿನ ಹಿಂದೆ ಒಂದು ಅಡ್ಡಗೆರೆ ಎಳೆದು ಕೊಡುವ ಸಂಪ್ರದಾಯ ಉಂಟು. ಬ್ಯುಸಿಬಾಕ್ಸ್ ಎಂಬ ಪುಣ್ಯಾತ್ಮನಂತೂ ಈ ಹೆಸರು ನೋಡಿಯೇ ಇವತ್ತು ಯಾವ ವೇಷ ಎಂದು ತೀರ್ಮಾನಿಸುತ್ತಾನೆ. ಒಂದೇ ಬೈನರಿ, ಎಲ್‌ಎಸ್ ಎಂದು ಕರೆದರೆ ಎಲ್‌ಎಸ್, ಸಿಪಿ ಎಂದು ಕರೆದರೆ ಸಿಪಿ.

ಪಟ್ಟಿಯನ್ನು ಪೂರ್ತಿ ಖಾಲಿ ಕೊಟ್ಟರೂ ಒಂದು ಕಾಲದಲ್ಲಿ ಲಿನಕ್ಸ್ ಸುಮ್ಮನಿರುತ್ತಿತ್ತು. ಅದರ ಫಲ 2022ರ ಜನವರಿಯಲ್ಲಿ ಕಂಡಿತು. ಪಿಕೆಎಕ್ಸೆಕ್ ಎಂಬ, ಬಹುತೇಕ ಎಲ್ಲ ಲಿನಕ್ಸ್‌ಗಳಲ್ಲೂ ಇರುವ ಪ್ರೋಗ್ರಾಂ ಆ ಪಟ್ಟಿಯಲ್ಲಿ ಕನಿಷ್ಠ ತನ್ನ ಹೆಸರಾದರೂ ಇದ್ದೇ ಇರುತ್ತದೆ ಎಂದು ನಂಬಿ ಕೂತಿತ್ತು. ಖಾಲಿ ಪಟ್ಟಿ ಬಂದಾಗ ಅದು ಪಟ್ಟಿ ದಾಟಿ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಜಾಗಕ್ಕೆ ಕೈ ಹಾಕಿತು. ಆ ಸಂದಿನಲ್ಲಿ ನುಗ್ಗಿದರೆ ಯಾವ ಸಾಮಾನ್ಯ ಬಳಕೆದಾರನೂ ಯಂತ್ರದ ಯಜಮಾನನಾಗಬಹುದಿತ್ತು. ಕ್ವಾಲಿಸ್ ಸಂಸ್ಥೆಯವರು ಇದನ್ನು ಬಯಲು ಮಾಡಿದರು, ಪ್ವನ್‌ಕಿಟ್ ಎಂದು ನಾಮಕರಣವಾಯಿತು. ಹುಳುಕು ಮಾತ್ರ 2009ರಿಂದ ಅಲ್ಲೇ ಇತ್ತು! ಆಮೇಲೆ ಲಿನಕ್ಸಿನ ತಿರುಳಾದ ಕರ್ನೆಲ್ಲಿನ 5.18ನೇ ಆವೃತ್ತಿಯಲ್ಲಿ, ಖಾಲಿ ಪಟ್ಟಿ ಬಂದರೆ ಒಂದು ಖಾಲಿ ಹೆಸರನ್ನಾದರೂ ತುರುಕುವ ಏರ್ಪಾಡಾಯಿತು. ಆರ್ಗ್‌ವಿ ಸೊನ್ನೆಯನ್ನು ನಂಬಿ ಮನೆ ಕಟ್ಟುವವರು ಈ ಕಥೆಯನ್ನು ಎರಡು ಸಲ ಓದಬೇಕು.

"ಹಾಗಾದರೆ /ಪ್ರಾಕ್/ಸೆಲ್ಫ್/ಎಕ್ಸಿ!" ಮಾಣಿಯ ಮುಂದಿನ ಬಾಣ. ಇದು ತಕ್ಕಮಟ್ಟಿಗೆ ಒಳ್ಳೆಯ ಬಾಣ. ಲಿನಕ್ಸ್ ಕರ್ನೆಲ್ ಪ್ರತಿಯೊಂದು ಪ್ರೋಗ್ರಾಮಿಗೂ ಅದರ ನಿಜವಾದ ಫೈಲನ್ನು ತೋರಿಸುವ ಒಂದು ಕೊಂಡಿ ಇಟ್ಟಿರುತ್ತದೆ, ರೀಡ್‌ಲಿಂಕ್ ಎಂಬ ಕರೆಯಿಂದ ಅದನ್ನು ಓದಬಹುದು. ಆದರೆ ರೀಡ್‌ಲಿಂಕ್ ಮಹಾ ಸೋಮಾರಿ. ಸಿ ಭಾಷೆಯಲ್ಲಿ ಪ್ರತಿಯೊಂದು ಅಕ್ಷರಮಾಲೆಯ ಕೊನೆಗೂ ಸೊನ್ನೆ ಇರಬೇಕು ಎಂಬ ನಿಯಮ ಉಂಟಲ್ಲ, ಅದು ಇವನಿಗೆ ಅನ್ವಯಿಸುವುದಿಲ್ಲ. ಅಕ್ಷರಗಳನ್ನು ಸುರಿದು ಹೊರಟುಹೋಗುತ್ತಾನೆ, ಸೊನ್ನೆ ನೀನೇ ಹಾಕಿಕೋ. ಹಾಕದವರ ಪರದೆಯಲ್ಲಿ ಪಾತ್‌ನ ಬಾಲಕ್ಕೆ ಕಸ ಜೋತಾಡುತ್ತದೆ. ಪ್ರೋಗ್ರಾಂ ಓಡುತ್ತಿರುವಾಗಲೇ ಅದರ ಫೈಲನ್ನು ಅಳಿಸಿದರೆ ಈ ಕೊಂಡಿ ಹಳೆಯ ಪಾತ್ ಕೊಟ್ಟು, ಕೊನೆಗೆ ಆವರಣದೊಳಗೆ 'ಡಿಲೀಟೆಡ್' ಎಂದೂ ಸೇರಿಸುತ್ತದೆ. ತನ್ನ ಹೆಸರಿನ ಮುಂದೆ ತಾನೇ 'ದಿವಂಗತ' ಎಂದು ಓದಿಕೊಳ್ಳುವ ಯೋಗ ಪ್ರೋಗ್ರಾಮುಗಳಿಗಲ್ಲದೆ ಬೇರೆ ಯಾರಿಗುಂಟು?

ಅದೂ ಲಿನಕ್ಸಿನಲ್ಲಿ ಮಾತ್ರ. ಮ್ಯಾಕ್‌ನಲ್ಲಿ ಎನ್‌ಎಸ್‌ಗೆಟ್‌ಎಕ್ಸಿಕ್ಯೂಟಬಲ್‌ಪಾತ್ ಎಂದು ಉಸಿರು ಕಟ್ಟಿ ಹೇಳಬೇಕು, ವಿಂಡೋಸಿನಲ್ಲಿ ಗೆಟ್‌ಮಾಡ್ಯೂಲ್‌ಫೈಲ್‌ನೇಮ್, ಫ್ರೀಬಿಎಸ್‌ಡಿಯಲ್ಲಿ ಸಿಸ್‌ಕಂಟ್ರೋಲ್ ಬಾಗಿಲು. ಊರಿಗೊಂದು ಭಾಷೆ.

ಆಗ ನಾನು ಮಾಣಿಗೆ ಹಿರಿಯರ ಉಪಾಯ ಹೇಳಿದೆ. ಪ್ರೋಗ್ರಾಂ ಹುಡುಕುವುದು ಯಾಕೆ? ಅದನ್ನು ಇನ್‌ಸ್ಟಾಲ್ ಮಾಡುವವನಿಗೆ ಗೊತ್ತಿರುತ್ತದಲ್ಲ ಫೈಲು ಎಲ್ಲಿಡುತ್ತೇನೆ ಎಂದು, ಕಂಪೈಲ್ ಮಾಡುವಾಗಲೇ ಅದನ್ನು ಹಣೆಯಲ್ಲಿ ಬರೆದುಬಿಡಲಿ. ಗ್ನೂ ಸಂಪ್ರದಾಯ ಇದೇ. ಕಾನ್ಫಿಗರ್ ಮಾಡುವಾಗ ಪ್ರಿಫಿಕ್ಸ್, ಅಂದರೆ ಬುಡದ ಫೋಲ್ಡರ್ ಯಾವುದೆಂದು ಹೇಳು, ಹೇಳದಿದ್ದರೆ /ಯುಎಸ್‌ಆರ್/ಲೋಕಲ್. ಅದರ ಅಡಿಯಲ್ಲಿ ಶೇರ್, ಅದರ ಅಡಿಯಲ್ಲಿ ಗಾದೆ. ಮೇಕ್‌ಫೈಲಿನಿಂದ ಈ ಪಾತನ್ನು ಒಂದು ಮ್ಯಾಕ್ರೋ ಆಗಿ ಕಂಪೈಲರಿಗೆ ದಾಟಿಸು. ಕೋಡಿನಲ್ಲಿ ಆ ಮ್ಯಾಕ್ರೋ ಮತ್ತು ಫೈಲಿನ ಹೆಸರನ್ನು ಪಕ್ಕಪಕ್ಕ ಬರೆದರೆ ಸಾಕು, ಅಕ್ಕಪಕ್ಕ ನಿಂತ ಎರಡು ಅಕ್ಷರಮಾಲೆಗಳನ್ನು ಕಂಪೈಲರೇ ಹೊಲಿದು ಒಂದು ಮಾಡುತ್ತದೆ. ಇದು 1989ರ ಪ್ರಮಾಣಗ್ರಂಥ ಕೊಟ್ಟ ಸೌಕರ್ಯ.

ಮಾಣಿ ಮೇಕ್‌ಫೈಲನ್ನು ಬಿಟ್ಟು ಕಾನ್ಫಿಗ್ ಹೆಡರಿನೊಳಗೆ ಬರೆಯಲಿಕ್ಕೆ ಹೊರಟ. ಎಲ್ಲರೂ ಮೊದಲು ಅದನ್ನೇ ಮಾಡುವುದು. ಕಾನ್ಫಿಗರ್ ಸ್ಕ್ರಿಪ್ಟು ಆ ಪಾತನ್ನು ಬಿಡಿಸಿ ಬರೆಯುವುದೇ ಇಲ್ಲ, ಪ್ರಿಫಿಕ್ಸನ್ನು ಡಾಲರ್ ಚಿಹ್ನೆ, ಬಳ್ಳಿ ಆವರಣ ಸಮೇತ ಹಾಗೆಯೇ ಇಟ್ಟಿರುತ್ತದೆ. ಆಮೇಲೆ ಮೇಕ್ ಓಡಿಸುವಾಗ ಬಳಕೆದಾರನಿಗೆ ಮನಸ್ಸು ಬದಲಾದರೆ ಪ್ರಿಫಿಕ್ಸ್ ಬದಲಿಸಲಿ ಎಂದು ಮಾಡಿದ ಉದಾರ ಬುದ್ಧಿ ಅದು. ಮೇಕ್‌ಗೆ ಡಾಲರಿನ ಅರ್ಥ ಗೊತ್ತು, ಸಿ ಭಾಷೆಗೆ ಗೊತ್ತಿಲ್ಲ. ಹಾಗಾಗಿ ಪ್ರೋಗ್ರಾಂ ಡಾಲರ್ ಎಂಬ ಹೆಸರಿನದೇ ಒಂದು ಫೋಲ್ಡರನ್ನು ಹುಡುಕುತ್ತಾ ಹೊರಡುತ್ತದೆ. ಅಮೆರಿಕಕ್ಕೆ ಹೋದ ನಮ್ಮ ಎಷ್ಟೋ ಮಂದಿ ಹುಡುಕಿದ್ದೂ ಅದನ್ನೇ, ಇರಲಿ.

ಹಣೆಬರಹದ ಉಪಾಯಕ್ಕೆ ಒಂದೇ ದೋಷ, ಮನೆ ಬದಲಾದರೆ ಹಣೆ ಬದಲಾಗುವುದಿಲ್ಲ. ಕಾವೂರಿನವರಿಗೆ ಇದನ್ನು ಹೊಸತಾಗಿ ಹೇಳಬೇಕಾಗಿಲ್ಲ. 1951ರಲ್ಲಿ ಶುರುವಾದ ನಮ್ಮ ವಿಮಾನ ನಿಲ್ದಾಣಕ್ಕೆ ಜನರ ಬಾಯಲ್ಲಿ ಬಜ್ಪೆ ಎಂದೇ ಹೆಸರು. 2010ರಲ್ಲಿ ಹೊಸ ಟರ್ಮಿನಲ್ ಕೆಂಜಾರಿನ ಬದಿಯಲ್ಲಿ ತೆರೆಯಿತು, ಬಾಗಿಲು ಬೇರೆ, ದಾರಿ ಬೇರೆ. ಆದರೂ ರಿಕ್ಷಾ ಹತ್ತಿದವರು ಹೇಳುವುದು "ಬಜ್ಪೆಗೆ ಬಿಡಿ." ಇಲ್ಲೇ ಕೆಐಒಸಿಎಲ್ ಕಂಪನಿಯ ಟೌನ್‌ಶಿಪ್ ಉಂಟು. ಕುದುರೆಮುಖದಲ್ಲಿದ್ದ ಅದರ ಗಣಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತುಹೋಯಿತು, ಹೆಸರಿನ ತಲೆಯ ಮೇಲೆ ಕುದುರೆಮುಖದ 'ಕೆ' ಮಾತ್ರ ಈಗಲೂ ಕೂತಿದೆ. ಮನುಷ್ಯರು ಇದನ್ನೆಲ್ಲ ಸುಧಾರಿಸಿಕೊಂಡು ಹೋಗುತ್ತಾರೆ, ರಿಕ್ಷಾದವನು ನಕ್ಕು ಕೆಂಜಾರಿಗೇ ಬಿಡುತ್ತಾನೆ. ಎಫ್‌ಓಪನ್‌ಗೆ ನಗಲಿಕ್ಕೆ ಬರುವುದಿಲ್ಲ.

ಅದಕ್ಕೇ ಮೂರನೆಯ ಉಪಾಯ ಹುಟ್ಟಿದ್ದು: ಎನ್ವಿರಾನ್‌ಮೆಂಟ್ ವೇರಿಯಬಲ್. ಹಣೆಯಲ್ಲಿ ಏನೇ ಬರೆದಿರಲಿ, ಬಳಕೆದಾರನು ಕಿವಿಯಲ್ಲಿ ಬೇರೆ ಜಾಗ ಹೇಳಿದರೆ ಅಲ್ಲಿಗೆ ಹೋಗು. ಕನ್ನಡಿಗರಿಗೆ ಇದರ ಅನುಭವ ಬೇಕಾದರೆ ಟೆಸೆರಾಕ್ಟ್ ಹಾಕಿ ನೋಡಬೇಕು. ಮುದ್ರಿತ ಪುಟದ ಚಿತ್ರದಿಂದ ಅಕ್ಷರ ಓದಿ ಕೊಡುವ ಪ್ರೋಗ್ರಾಂ ಅದು. 1980ರ ದಶಕದಲ್ಲಿ ಎಚ್‌ಪಿ ಕಂಪನಿಯಲ್ಲಿ ಶುರುವಾಯಿತು, 2005ರಲ್ಲಿ ಮುಕ್ತವಾಯಿತು, ಆಮೇಲೆ ಗೂಗಲ್ ಸಾಕಿತು. ಅದು ಕನ್ನಡ ಓದಬೇಕಾದರೆ ಕೆಎಎನ್.ಟ್ರೇನ್ಡ್‌ಡೇಟಾ ಎಂಬ ಫೈಲು ಬೇಕು. ಆ ಫೈಲು ಎಲ್ಲಿ? ಡೆಬಿಯನ್, ಉಬುಂಟುಗಳಲ್ಲಿ ಶೇರ್ ಫೋಲ್ಡರಿನೊಳಗೆ ಟೆಸೆರಾಕ್ಟ್-ಒಸಿಆರ್, ಅದರೊಳಗೆ ಆವೃತ್ತಿಯ ಅಂಕಿ, ಅದರೊಳಗೆ ಟೆಸ್‌ಡೇಟಾ. ಅಂಕಿ ಒಮ್ಮೆ 4.00, ಇನ್ನೊಮ್ಮೆ ಬರೀ 5. ಹಳೆಯ ಅಂಕಿಯ ಫೋಲ್ಡರಿಗೆ ಫೈಲು ಹಾಕಿಟ್ಟವನು ಹೊಸ ಆವೃತ್ತಿ ಬಂದ ಮೇಲೆ ಕನ್ನಡ ಕಳೆದುಕೊಳ್ಳುತ್ತಾನೆ. ಪಾಪ, ಪ್ರೋಗ್ರಾಂ ಒಳ್ಳೆಯ ಮಾತಿನಲ್ಲಿ "ಟೆಸ್‌ಡೇಟಾ ಪ್ರಿಫಿಕ್ಸ್ ಎಂಬ ವೇರಿಯಬಲ್ ಸರಿಯಾಗಿ ಹಾಕಿ" ಎನ್ನುತ್ತದೆ. ಹಾಕಲಿಕ್ಕೆ ಹೋದರೆ ಇನ್ನೊಂದು ರಗಳೆ. 3ನೇ ಆವೃತ್ತಿಯ ಕಾಲದಲ್ಲಿ ಅದಕ್ಕೆ ಟೆಸ್‌ಡೇಟಾ ಫೋಲ್ಡರಿನ ಅಪ್ಪನ ವಿಳಾಸ ಕೊಡಬೇಕಿತ್ತು, 4ರಿಂದ ಮಗನ ವಿಳಾಸ. ಹಳೆಯ ಸಲಹೆ ಓದಿ ಅಪ್ಪನಲ್ಲಿಗೆ ಕಳಿಸಿದವರೆಲ್ಲ ಬರಿಗೈಯಲ್ಲಿ ವಾಪಸ್. ಒಂದು ವೇರಿಯಬಲ್ಲಿಗೆ ಹೆಸರಿಟ್ಟ ಮೇಲೆ ಅದರ ಅರ್ಥ ಬದಲಿಸಬಾರದು ಎಂದು ನನ್ನ ಖಡಾಖಂಡಿತ ಅಭಿಪ್ರಾಯ. ಬೇಕಾದರೆ ಹೊಸ ಹೆಸರಿಡಿ, ಹೆಸರಿಗೆ ಬರಗಾಲವಾ?

ಇದಕ್ಕಿಂತ ಚಂದದ ವ್ಯವಸ್ಥೆ ನೋಡಬೇಕಾದರೆ ಕನ್ನಡ ಟೈಪಿಸುವಾಗ ನೋಡಬೇಕು. ಇಲ್ಲಿಂದ ಬಹಳ ದೂರವೇನಲ್ಲದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಉಚ್ಚಾರಕ್ಕೆ ಒಪ್ಪುವ ಕೀಲಿಮಣೆ ವಿನ್ಯಾಸ ಮಾಡಿಕೊಟ್ಟರು. ಕನ್ನಡ ಗಣಕ ಪರಿಷತ್ತಿನ ಕಗಪ ವಿನ್ಯಾಸಕ್ಕೆ ಬುನಾದಿ ಅದೇ. ಲಿನಕ್ಸಿನಲ್ಲಿ ಆ ವಿನ್ಯಾಸ ಎಂ17ಎನ್ ಎಂಬ ಸಿ ಲೈಬ್ರರಿಯ ದತ್ತಾಂಶದೊಳಗೆ ಕೆಎನ್-ಕೆಜಿಪಿ ಎಂಬ ಪುಟ್ಟ ಫೈಲಾಗಿ ಕೂತಿದೆ, /ಯುಎಸ್‌ಆರ್/ಶೇರ್/ಎಂ17ಎನ್ ಫೋಲ್ಡರಿನಲ್ಲಿ. ಲೈಬ್ರರಿ ಅಲ್ಲಿ ಮಾತ್ರ ನೋಡುವುದಿಲ್ಲ, ನಿಮ್ಮ ಹೋಮ್ ಫೋಲ್ಡರಿನೊಳಗೆ ಅದರದೇ ಹೆಸರಿನ ಒಂದು ಅಡಗಿದ ಫೋಲ್ಡರ್ ಇದ್ದರೆ ಅಲ್ಲಿಯೂ ನೋಡುತ್ತದೆ. ಯಂತ್ರದ ಯಜಮಾನನ ಕಾಲು ಹಿಡಿಯದೆ ನಿಮ್ಮದೇ ಕೀಲಿಮಣೆ ಮಾಡಿಕೊಳ್ಳಬಹುದು. ಇದು ಸೌಜನ್ಯ.

ಇನ್ನು ಅತಿ ಸೌಜನ್ಯದ ಪ್ರಕರಣವೊಂದಿದೆ, ಗೆಟ್‌ಟೆಕ್ಸ್ಟ್. ಪ್ರೋಗ್ರಾಮಿನ ಸಂದೇಶಗಳನ್ನು ಕನ್ನಡದಲ್ಲಿ ತೋರಿಸುವ ವ್ಯವಸ್ಥೆ ಅದು. ಅನುವಾದದ ಫೈಲು /ಯುಎಸ್‌ಆರ್/ಶೇರ್/ಲೊಕೇಲ್ ಒಳಗಿನ ಕನ್ನಡದ ಫೋಲ್ಡರಿನಲ್ಲಿ ಇರಬೇಕು, ಎಲ್ಲಿ ಎಂಬುದನ್ನು ಬೈಂಡ್‌ಟೆಕ್ಸ್ಟ್‌ಡೊಮೈನ್ ಎಂಬ ಕರೆಯಲ್ಲಿ ತಿಳಿಸಬೇಕು. ತಪ್ಪು ಜಾಗ ತಿಳಿಸಿದರೆ? ಬೈಯುವುದಿಲ್ಲ, ಗೊಣಗುವುದಿಲ್ಲ. ಸದ್ದಿಲ್ಲದೆ ಇಂಗ್ಲಿಷಿಗೆ ಜಾರುತ್ತದೆ. ಇದಕ್ಕೆ ಹೋಲಿಕೆ ಕೊಡಲಿಕ್ಕೆ ನನಗೆ ಬಾಯಿ ತುರಿಸುತ್ತಿದೆ, ಆದರೆ ಮನೆಮನೆಯಲ್ಲಿ ಜಗಳವಾದೀತು.

ಮಾಣಿ ಆಕಳಿಸಿದ. "ಅಂಕಲ್, ಪ್ರೋಗ್ರಾಮನ್ನು ಪೆನ್‌ಡ್ರೈವಿನಲ್ಲಿ ಹಾಕಿ ಎಲ್ಲಿ ಬೇಕಾದರೂ ಒಯ್ಯುವಂತೆ ಆಗಬೇಕು. ಹಣೆಬರಹ ಗಿಣೆಬರಹ ಬೇಡ." ಅದಕ್ಕೂ ದಾರಿ ಉಂಟು. ತಾನೆಲ್ಲಿದ್ದೇನೆ ಎಂದು ಕರ್ನೆಲ್ಲಿನ ಕೊಂಡಿಯಿಂದ ತಿಳಿದು, ಅಲ್ಲಿಂದ ಒಂದು ಮೆಟ್ಟಿಲು ಮೇಲೆ ಹತ್ತಿ, ಪಕ್ಕದ ಶೇರ್ ಫೋಲ್ಡರಿಗೆ ಇಳಿಯುವುದು. ಬಿನ್ ಮತ್ತು ಶೇರ್ ಅಣ್ಣತಮ್ಮಂದಿರು, ಒಟ್ಟಿಗೆ ಸಾಗಿಸಿದರೆ ಸಂಬಂಧ ಕೆಡುವುದಿಲ್ಲ. ಗಿಟ್‌ಗೆ ಇಂಥ ವ್ಯವಸ್ಥೆ ಇದೆ, ಜಿಸಿಸಿ ತನ್ನ ಪರಿಕರಗಳನ್ನು ಹುಡುಕುವುದೂ ಹೆಚ್ಚುಕಡಿಮೆ ಹೀಗೆಯೇ. ಪೈಥಾನ್ ಇನ್ನೂ ಒಂದು ಹೆಜ್ಜೆ ಮುಂದೆ. ಬಹುಕಾಲ ಸಿ ಭಾಷೆಯಲ್ಲೇ ಇದ್ದ ಅದರ ಗೆಟ್‌ಪಾತ್ ಎಂಬ ಭಾಗ ತನ್ನ ಬೈನರಿ ಇದ್ದಲ್ಲಿಂದ ಮೇಲೆ ಮೇಲೆ ಹತ್ತುತ್ತಾ, ಪ್ರತಿ ಮೆಟ್ಟಿಲಲ್ಲೂ ಲಿಬ್ ಫೋಲ್ಡರಿನೊಳಗೆ ಓಎಸ್.ಪಿವೈ ಎಂಬ ಫೈಲು ಕಾಣುತ್ತದಾ ಎಂದು ಇಣುಕುತ್ತಿತ್ತು. ಕಂಡರೆ ಮನೆ ಸಿಕ್ಕಿತು. ಆ ಫೈಲನ್ನು ಅವರು ಕರೆಯುವುದು 'ಲ್ಯಾಂಡ್‌ಮಾರ್ಕ್' ಎಂದೇ. ಮಹಾಲಿಂಗೇಶ್ವರ ದೇವಸ್ಥಾನ ಕಂಡ ಮೇಲೆ ಕಾವೂರಿನವನಿಗೆ ಮನೆ ದಾರಿ ಹೇಳಿಕೊಡಬೇಕಾ?

ಕೊನೆಗೆ ಮಾಣಿಗೆ ಸಿಟ್ಟು ಬಂತು. "ಫೈಲೇ ಬೇಡ, ಗಾದೆಗಳನ್ನೆಲ್ಲ ಪ್ರೋಗ್ರಾಮಿನ ಹೊಟ್ಟೆಯೊಳಗೇ ತುಂಬಿಸ್ತೇನೆ!" ತುಂಬಿಸಬಹುದು ಮಾರಾಯ. ಹಿಂದೆ ಅದಕ್ಕೆ ಎಕ್ಸ್‌ಎಕ್ಸ್‌ಡಿ ಎಂಬ ಸಲಕರಣೆಯಿಂದ ಫೈಲನ್ನು ಅಂಕಿಗಳ ಸಾಲಾಗಿ ಕತ್ತರಿಸಬೇಕಿತ್ತು, ಸಿ23ರಲ್ಲಿ ಎಂಬೆಡ್ ಎಂಬ ನೇರ ಸೂಚನೆಯೇ ಬಂದಿದೆ. ಹತ್ತಿಪ್ಪತ್ತು ಸಾಲಿನ ಫೈಲಿಗೆ ನನ್ನ ಮತವೂ ಅದಕ್ಕೇ. ಆದರೆ ನಾಳೆ ನಿನ್ನ ಅಜ್ಜಿ "ಈ ಗಾದೆ ತಪ್ಪು, ನಮ್ಮಲ್ಲಿ ಹಾಗೆ ಹೇಳುವುದಿಲ್ಲ" ಎಂದರೆ ಒಂದು ಪದ ತಿದ್ದಲಿಕ್ಕೆ ಇಡೀ ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡಿ, ಎಲ್ಲರಿಗೂ ಮತ್ತೆ ಹಂಚಬೇಕು. ಫೈಲು ಹೊರಗಿದ್ದರೆ ಅಜ್ಜಿಯೇ ತಿದ್ದಿಯಾಳು.

ಮಾಣಿ ಈಗ ಮಾಡಿಕೊಂಡಿರುವುದು ಇಷ್ಟು. ಗಾದೆ ಡೈರ್ ಎಂಬ ವೇರಿಯಬಲ್ ಯಾರಾದರೂ ಹಾಕಿದ್ದರೆ ಅದೇ ಮೊದಲು. ಇಲ್ಲದಿದ್ದರೆ ಹೋಮ್ ಫೋಲ್ಡರಿನ .ಲೋಕಲ್/ಶೇರ್. ಅಲ್ಲೂ ಇಲ್ಲದಿದ್ದರೆ ಎಕ್ಸ್‌ಡಿಜಿ ನಿಯಮದ ಪಟ್ಟಿ, ಅಂದರೆ ಬೇರೇನೂ ಹೇಳದಿದ್ದಾಗ /ಯುಎಸ್‌ಆರ್/ಲೋಕಲ್/ಶೇರ್, ಆಮೇಲೆ /ಯುಎಸ್‌ಆರ್/ಶೇರ್. ಕಟ್ಟಕಡೆಗೆ ಹಣೆಯ ಮೇಲಿನ ಬರಹ. ಯಜಮಾನನ ಅಧಿಕಾರದಲ್ಲಿ ಓಡುವ ಪ್ರೋಗ್ರಾಮಾದರೆ ವೇರಿಯಬಲ್ ಮಾತನ್ನು ಕೇಳಲೇಬಾರದು, ಅದಕ್ಕೆಂದೇ ಜಿಲಿಬ್‌ಸಿ ಲೈಬ್ರರಿಯಲ್ಲಿ ಸೆಕ್ಯೂರ್‌ಗೆಟ್‌ಎನ್ವ್ ಎಂಬ ಫಂಕ್ಷನ್ ಉಂಟು. ಗಾದೆ ಹೇಳುವವನಿಗೆ ಅಂಥ ಅಧಿಕಾರ ಯಾಕೆ, ಆ ಮಾತು ಬಿಡಿ.

ಇನ್ನು ಸಿ ಭಾಷೆಯಲ್ಲಿ ಬರೆಯುವ ಮಹನೀಯರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಪ್ರೋಗ್ರಾಮಿಗೆ ಫೈಲು ಸಿಗಲಿಲ್ಲ ಎಂದಾದರೆ ಬರೀ "ಅಂಥ ಫೈಲು ಇಲ್ಲ" ಎಂದು ಮುಖ ತಿರುಗಿಸಬೇಡಿ. ಯಾವ ಫೈಲು, ಎಲ್ಲೆಲ್ಲಿ ಹುಡುಕಿದಿರಿ, ಯಾವ ವೇರಿಯಬಲ್ಲಿನ ಮಾತು ಕೇಳಿ ಅಲ್ಲಿಗೆ ಹೋದಿರಿ, ಎಲ್ಲವನ್ನೂ ಪೂರ್ತಿ ಪಾತ್ ಸಮೇತ ಪರದೆಯ ಮೇಲೆ ಬರೆಯಿರಿ. ಈಗ ಅದನ್ನು ತಿಳಿಯಲಿಕ್ಕೆ ನಾವು ಪ್ರೋಗ್ರಾಮಿನ ಬೆನ್ನು ಹತ್ತುವ ಎಸ್‌ಟ್ರೇಸ್ ಹಾಕಿ, ಸಾವಿರ ಸಾಲಿನಲ್ಲಿ ನಿಮ್ಮ ಓಪನ್ ಕರೆಗಳನ್ನು ಹೆಕ್ಕುತ್ತಾ ಕೂರಬೇಕಾಗಿದೆ. ನಾಲ್ಕು ಸಾಲು ಹೆಚ್ಚು ಪ್ರಿಂಟ್ ಮಾಡಿದರೆ ನಿಮ್ಮ ಗಂಟೇನು ಹೋಗುತ್ತದೆ?